ಹೃದಯ ಪುನಶ್ಚೇತನ ಮತ್ತು ಕ್ರೀಡಾ ವಿಜ್ಞಾನ: ಸ್ನಾತಕೋತ್ತರ ಅಧ್ಯಯನದ ಸ್ವರೂಪ ಹಾಗೂ ಅವಕಾಶಗಳು

ಆಂಜಿಯೋಪ್ಲಾಸ್ಟಿ ಮತ್ತು ಬೈಪಾಸ್ ಶಸ್ತ್ರಚಿಕಿತ್ಸೆಯ ಸೌಲಭ್ಯ ಇಂದು ರಾಜ್ಯದ ಹಲವು ನಗರಗಳಲ್ಲಿ ಲಭ್ಯವಿದೆ. ಆದರೆ ಚಿಕಿತ್ಸೆ ಪಡೆದು ಮನೆಗೆ ಮರಳಿದ ರೋಗಿಯು ದಿನಕ್ಕೆ ಎಷ್ಟು ನಡೆಯಬೇಕು, ಯಾವಾಗ ಮೆಟ್ಟಿಲೇರಬಹುದು, ಅಂಗಡಿ ಅಥವಾ ಕಾರ್ಖಾನೆಯ ಕೆಲಸಕ್ಕೆ ಎಂದು ಹಿಂತಿರುಗಬಹುದು ಎಂಬುದನ್ನು ಅಳೆದು ಹೇಳಬಲ್ಲ ತಜ್ಞರು ವಿರಳ. ಈ ಕೊರತೆಯನ್ನು ತುಂಬುವ ಶಾಸ್ತ್ರವೇ ಹೃದಯ ಪುನಶ್ಚೇತನ. ಕ್ರೀಡಾಪಟುವಿನ ಸಾಮರ್ಥ್ಯವನ್ನು ಅಳೆಯುವ ವಿಜ್ಞಾನವನ್ನೇ ಇದು ರೋಗಿಯ ಚೇತರಿಕೆಗೆ ಬಳಸಿಕೊಳ್ಳುತ್ತದೆ.

ಉದ್ಯಮದ ದೃಷ್ಟಿಯಿಂದ ಇದು ಸಣ್ಣ ಸಂಗತಿಯಲ್ಲ. ಪಾಶ್ಚಾತ್ಯರಿಗೆ ಹೋಲಿಸಿದರೆ ಭಾರತೀಯರಲ್ಲಿ ಹೃದ್ರೋಗವು ಐದರಿಂದ ಹತ್ತು ವರ್ಷ ಮೊದಲೇ ಕಾಣಿಸಿಕೊಳ್ಳುತ್ತದೆ. ಅಂದರೆ ಪೆಟ್ಟು ಬೀಳುವುದು ದುಡಿಯುವ ವಯಸ್ಸಿನಲ್ಲಿ. ದೇಹಕ್ಕೆ ಶಕ್ತಿಯಿದ್ದರೂ ಕೇವಲ ಭಯದಿಂದ ವ್ಯವಹಾರ ಕೈಬಿಟ್ಟರೆ ಆಗುವ ನಷ್ಟ ಕುಟುಂಬಕ್ಕೂ ಹೌದು, ಸಂಸ್ಥೆಗೂ ಹೌದು.

ಹಿನ್ನೆಲೆ

ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೆ ಹೃದಯಾಘಾತವಾದವರನ್ನು ವಾರಗಟ್ಟಲೆ ಹಾಸಿಗೆಯಲ್ಲೇ ಮಲಗಿಸುವುದು ರೂಢಿಯಾಗಿತ್ತು. 1952ರಲ್ಲಿ ಅಮೆರಿಕದ ವೈದ್ಯರಾದ ಸ್ಯಾಮ್ಯುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್ ಅವರು ರೋಗಿಗಳನ್ನು ಬೇಗನೆ ಕುರ್ಚಿಯಲ್ಲಿ ಕುಳ್ಳಿರಿಸುವ ಪದ್ಧತಿಯನ್ನು ಪ್ರತಿಪಾದಿಸಿದರು. ಮರುವರ್ಷ ಬ್ರಿಟನ್ನಿನ ಜೆರ್ರಿ ಮಾರಿಸ್ ಮತ್ತು ಸಂಗಡಿಗರು ಲಂಡನ್ನಿನ ಬಸ್ ಸಿಬ್ಬಂದಿಯ ಅಧ್ಯಯನವನ್ನು ಪ್ರಕಟಿಸಿದರು. ಎರಡಂತಸ್ತಿನ ಬಸ್ಸುಗಳಲ್ಲಿ ದಿನವಿಡೀ ಮೆಟ್ಟಿಲು ಹತ್ತಿಳಿಯುತ್ತಿದ್ದ ನಿರ್ವಾಹಕರಿಗಿಂತ, ಕುಳಿತೇ ದುಡಿಯುತ್ತಿದ್ದ ಚಾಲಕರಲ್ಲಿ ಹೃದ್ರೋಗ ಹೆಚ್ಚಾಗಿರುವುದು ಅದರಿಂದ ತಿಳಿದುಬಂದಿತು.

2016ರಲ್ಲಿ ಪ್ರಕಟವಾದ ಕಾಕ್ರೇನ್ ಪರಾಮರ್ಶೆಯು 63 ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿತು. ವ್ಯಾಯಾಮ ಆಧಾರಿತ ಪುನಶ್ಚೇತನ ಪಡೆದವರಲ್ಲಿ ಹೃದಯ ಮತ್ತು ರಕ್ತನಾಳ ಸಂಬಂಧಿ ಮರಣವು ಶೇ. 10.4ರಿಂದ ಶೇ. 7.6ಕ್ಕೆ ಇಳಿದಿತ್ತು. ಮತ್ತೆ ಆಸ್ಪತ್ರೆ ಸೇರುವ ಪ್ರಮಾಣವೂ ತಗ್ಗಿತ್ತು.

ಪಠ್ಯದ ತಿರುಳು

ಈ ವಿಷಯದ ಸ್ನಾತಕೋತ್ತರ ವಿದ್ಯಾರ್ಥಿಯು ವ್ಯಾಯಾಮ ಶರೀರಶಾಸ್ತ್ರ, ಇಸಿಜಿ ವಾಚನ, ಔಷಧಗಳ ಪರಿಣಾಮ, ಆಹಾರ ಹಾಗೂ ಮನೋವಿಜ್ಞಾನವನ್ನು ಕಲಿಯಬೇಕಾಗುತ್ತದೆ. ಟ್ರೆಡ್‌ಮಿಲ್ ಪರೀಕ್ಷೆಗೆ ಬಳಸುವ ಬ್ರೂಸ್ ವಿಧಾನದಲ್ಲಿ ಪ್ರತಿ 3 ನಿಮಿಷಕ್ಕೊಮ್ಮೆ ವೇಗವೂ ಇಳಿಜಾರಿನ ಪ್ರಮಾಣವೂ ಏರುತ್ತವೆ. ಸಾಮರ್ಥ್ಯವನ್ನು ‘ಮೆಟ್’ ಎಂಬ ಮಾನದಲ್ಲಿ ಹೇಳಲಾಗುತ್ತದೆ. ವಿಶ್ರಾಂತಿಯಲ್ಲಿರುವಾಗ ದೇಹತೂಕದ ಪ್ರತಿ ಕಿಲೋಗ್ರಾಂಗೆ ನಿಮಿಷಕ್ಕೆ 3.5 ಮಿ.ಲೀ. ಆಮ್ಲಜನಕ ಬಳಕೆಯಾದರೆ ಅದು 1 ಮೆಟ್. ಕುಳಿತು ಲೆಕ್ಕ ಬರೆಯಲು ಸುಮಾರು 1.5 ಮೆಟ್ ಸಾಕು. ಮೂಟೆ ಹೊರುವ ಕೆಲಸಕ್ಕೆ 7ಕ್ಕೂ ಹೆಚ್ಚು ಬೇಕಾಗಬಹುದು. ಆದ್ದರಿಂದ ಗುಮಾಸ್ತನಿಗೂ ಹಮಾಲಿಗೂ ಒಂದೇ ಸಲಹೆ ಸಲ್ಲದು.

ಬೀಟಾ ಬ್ಲಾಕರ್ ಮಾತ್ರೆ ಸೇವಿಸುವವರಲ್ಲಿ ಶ್ರಮ ಹೆಚ್ಚಿದರೂ ನಾಡಿಬಡಿತ ಅದಕ್ಕೆ ತಕ್ಕಂತೆ ಏರುವುದಿಲ್ಲ. 220ರಿಂದ ವಯಸ್ಸನ್ನು ಕಳೆದು ಗುರಿ ನಿಗದಿಪಡಿಸುವ ಜಿಮ್‌ಗಳ ಸೂತ್ರ ಇಂಥವರಿಗೆ ಹೊಂದದು. ಹಾಗಾಗಿ ಶ್ರಮದ ಅನುಭವವನ್ನು ರೋಗಿಯಿಂದಲೇ 6ರಿಂದ 20ರವರೆಗಿನ ಅಂಕಗಳಲ್ಲಿ ಹೇಳಿಸುವ ಬೋರ್ಗ್ ಮಾಪಕವನ್ನು ತಜ್ಞರು ಬಳಸುತ್ತಾರೆ. ತರಬೇತಿ ಪಡೆದವರಿಗೂ ಪಡೆಯದವರಿಗೂ ಇರುವ ಅಂತರ ಇಂಥ ಕಡೆಗಳಲ್ಲಿ ಎದ್ದು ಕಾಣುತ್ತದೆ.

ಎಲ್ಲಿ, ಹೇಗೆ?

ಭಾರತದಲ್ಲಿ ಈ ಕ್ಷೇತ್ರಕ್ಕೆ ಮುಖ್ಯವಾಗಿ ಎರಡು ಹಾದಿಗಳಿವೆ. ಫಿಸಿಯೋಥೆರಪಿ ಪದವೀಧರರು ಎರಡು ವರ್ಷಗಳ ಎಂ.ಪಿ.ಟಿ. ವ್ಯಾಸಂಗದಲ್ಲಿ ಹೃದಯ ಮತ್ತು ಶ್ವಾಸಕೋಶ ವಿಭಾಗವನ್ನು ಆರಿಸಿಕೊಳ್ಳಬಹುದು. ಇನ್ನೊಂದು ಹಾದಿ ಕ್ರೀಡಾ ವಿಜ್ಞಾನ ಅಥವಾ ವ್ಯಾಯಾಮ ಶರೀರಶಾಸ್ತ್ರದ ಎಂ.ಎಸ್ಸಿ. ಬ್ರಿಟನ್ನಿನಲ್ಲಿ ಪೂರ್ಣಾವಧಿಯ ಎಂ.ಎಸ್ಸಿ. ಸಾಮಾನ್ಯವಾಗಿ ಒಂದು ವರ್ಷದ್ದು.

ಸಾಲ ಮಾಡಿ ಮಕ್ಕಳನ್ನು ವಿದೇಶಕ್ಕೆ ಕಳುಹಿಸುವ ಪೋಷಕರು ಒಂದಂಶವನ್ನು ಮರೆಯಬಾರದು. ಕ್ರೀಡಾ ವಿಜ್ಞಾನದ ಎಂ.ಎಸ್ಸಿ. ಪದವಿಯಷ್ಟರಿಂದಲೇ ಯಾರೂ ಫಿಸಿಯೋಥೆರಪಿಸ್ಟ್ ಆಗುವುದಿಲ್ಲ. ಬ್ರಿಟನ್ನಿನಲ್ಲಿ ಆ ಪದನಾಮವನ್ನು ನೋಂದಾಯಿತರು ಮಾತ್ರ ಬಳಸಬಹುದು. ಭಾರತದಲ್ಲಿಯೂ 2021ರ ರಾಷ್ಟ್ರೀಯ ಸಹವರ್ತಿ ಹಾಗೂ ಆರೋಗ್ಯ ವೃತ್ತಿಪರರ ಆಯೋಗ ಕಾಯಿದೆಯು ಇಂಥ ವೃತ್ತಿಗಳ ಶಿಕ್ಷಣ ಮತ್ತು ನೋಂದಣಿಗೆ ಚೌಕಟ್ಟು ಒದಗಿಸಿದೆ. ಆಸ್ಪತ್ರೆಯಲ್ಲಿ ಪ್ರಾಯೋಗಿಕ ತರಬೇತಿ ಎಷ್ಟು ಗಂಟೆ, ನೈಜ ರೋಗಿಗಳೊಡನೆ ಕೆಲಸವಿದೆಯೇ, ಪದವಿಗೆ ಸ್ವದೇಶದಲ್ಲಿ ಮಾನ್ಯತೆಯಿದೆಯೇ ಎಂಬ ಮೂರು ಪ್ರಶ್ನೆಗಳಿಗೆ ಶುಲ್ಕ ಕಟ್ಟುವ ಮೊದಲೇ ಲಿಖಿತ ಉತ್ತರ ಪಡೆಯುವುದು ವಿವೇಕ.

ಉದ್ಯಮಕ್ಕೆ ಅವಕಾಶ

2021ರ ಅಕ್ಟೋಬರ್‌ನಲ್ಲಿ ನಟ ಪುನೀತ್ ರಾಜ್‌ಕುಮಾರ್ ಅವರು 46ನೆಯ ವಯಸ್ಸಿನಲ್ಲಿ ನಿಧನರಾದ ನಂತರ ಹೃದಯ ತಪಾಸಣೆಗಾಗಿ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಗೆ ಜನರು ಧಾವಿಸಿದರು. ವ್ಯಾಯಾಮದ ಬಗೆಗೇ ಅನೇಕರಲ್ಲಿ ಶಂಕೆ ಮೂಡಿತು. ಈ ಶಂಕೆಗೆ ಉತ್ತರ ವ್ಯಾಯಾಮವನ್ನು ಬಿಡುವುದಲ್ಲ. ಅದನ್ನು ಅರಿತವರಿಂದ ಮಾಡಿಸುವುದು.

ಪುನಶ್ಚೇತನ ಘಟಕಕ್ಕೆ ಟ್ರೆಡ್‌ಮಿಲ್, ವ್ಯಾಯಾಮದ ಸೈಕಲ್, ಇಸಿಜಿ ನಿಗಾ ವ್ಯವಸ್ಥೆ ಹಾಗೂ ಡಿಫಿಬ್ರಿಲೇಟರ್ ಬೇಕು. ಯಂತ್ರಗಳನ್ನು ಹಣ ಕೊಟ್ಟು ತರಬಹುದು. ನುರಿತ ಸಿಬ್ಬಂದಿಯನ್ನು ಒದಗಿಸುವುದೇ ಕಷ್ಟ. ಕಡಿಮೆ ವೆಚ್ಚದ ಮಾರ್ಗಗಳೂ ಇಲ್ಲದಿಲ್ಲ. ಭಾರತದ 24 ಕೇಂದ್ರಗಳಲ್ಲಿ 3,959 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ‘ಯೋಗ-ಕೇರ್’ ಪ್ರಯೋಗದಲ್ಲಿ ಮರಣ ಮತ್ತು ಮರು ಹೃದಯಾಘಾತದಂಥ ಘಟನೆಗಳು ಗಣನೀಯವಾಗಿ ಇಳಿದದ್ದು ಸಿದ್ಧವಾಗಲಿಲ್ಲ. ಆದರೆ ಯೋಗಾಧಾರಿತ ಪುನಶ್ಚೇತನ ಪಡೆದವರ ಸ್ವಾಸ್ಥ್ಯದ ಅನುಭವ ಉತ್ತಮವಾಗಿದ್ದು, ಹಿಂದಿನ ಚಟುವಟಿಕೆಗಳಿಗೆ ಅವರು ಹೆಚ್ಚಾಗಿ ಮರಳಿದರು.

ಆರೋಗ್ಯ ವಿಮೆಯು ಸಾಮಾನ್ಯವಾಗಿ ಆಸ್ಪತ್ರೆಯಲ್ಲಿ ದಾಖಲಾದ ಅವಧಿಯ ವೆಚ್ಚಕ್ಕೇ ಹೆಚ್ಚು ಒತ್ತು ನೀಡುತ್ತದೆ. ನೌಕರರಿಗಾಗಿ ಗುಂಪು ವಿಮೆ ಮಾಡಿಸುವ ಮಾಲೀಕರು ನವೀಕರಣದ ಸಮಯದಲ್ಲಿ ಪುನಶ್ಚೇತನದ ವೆಚ್ಚವೂ ಸೇರಿದೆಯೇ ಎಂದು ವಿಚಾರಿಸಬಹುದು. ಬೇಡಿಕೆ ಹುಟ್ಟಿದಲ್ಲಿ ಹುದ್ದೆಗಳು ಹುಟ್ಟುತ್ತವೆ. ಹುದ್ದೆಗಳಿದ್ದಲ್ಲಿ ಓದುವವರೂ ಮುಂದೆ ಬರುತ್ತಾರೆ.