ದಂಡನಾಯಕನು ಕಟ್ಟಿಸಿದ ಊರಿನಲ್ಲಿ

ತುರುವೇಕೆರೆಯ ಚೆನ್ನಿಗರಾಯನ ಗುಡಿಯ ಮುಂದೆ ನಿಂತಾಗಲೆಲ್ಲ ನನ್ನ ಮನಸ್ಸು ಒಳಗಿನ ಮೂರ್ತಿಗಿಂತ ಮೊದಲು ಅದನ್ನು ಕಟ್ಟಿಸಿದವನ ವೃತ್ತಿಯ ಕಡೆಗೆ ಹರಿಯುತ್ತದೆ. ಹೊಯ್ಸಳ ಮೂರನೆಯ ನರಸಿಂಹನ ಆಳ್ವಿಕೆಯಲ್ಲಿ, 1263ರ ಸುಮಾರಿಗೆ, ಈ ದೇವಾಲಯವನ್ನು ನಿರ್ಮಿಸಿದಾತ ಸೋಮಣ್ಣ ದಂಡನಾಯಕ. ಬಿರುದೇ ಸಾರುವಂತೆ ದಂಡನ್ನು ನಡೆಸುವವನು, ಉಳಿ ಹಿಡಿದವನಲ್ಲ. ಅದೇ ಅರಸನ ಕಾಲದಲ್ಲಿ ಕಾವೇರಿಯ ತೀರದ ಸೋಮನಾಥಪುರದಲ್ಲಿ ಕೇಶವಾಲಯವನ್ನು ಎತ್ತಿಸಿದವನೂ ಸೋಮನಾಥನೆಂಬ ದಂಡನಾಯಕನೇ. ಅಲ್ಲಿಯ ಅನೇಕ ವಿಗ್ರಹಗಳ ಅಡಿಯಲ್ಲಿ ಮಲ್ಲಿತಮ್ಮನೆಂಬ ರೂವಾರಿ ತನ್ನ ಹೆಸರನ್ನು ಕೊರೆದಿಟ್ಟಿರುವುದನ್ನು ಕಂಡವರು ಬಹಳ ಮಂದಿ. ಸೈನ್ಯಕ್ಕೆ ಆಜ್ಞೆ ಕೊಟ್ಟು ಅಭ್ಯಾಸವಾದ ಅಧಿಪತಿಯೊಬ್ಬನ ಕಟ್ಟಡದಲ್ಲಿ ಕೆಲಸಗಾರನ ಹೆಸರಿಗೂ ಸ್ಥಳ ದೊರೆತದ್ದು ಸಾಮಾನ್ಯವಾದ ಸಂಗತಿಯೆಂದು ನನಗೆ ತೋರುವುದಿಲ್ಲ.

ಈ ಮಾತು ನೆನಪಾದದ್ದು ನಮ್ಮ ಬೀದಿಯವರೊಬ್ಬರಿಂದ. ಮದ್ರಾಸ್ ಸ್ಯಾಪರ್ಸ್ ಪಡೆಯಲ್ಲಿ ಹವಾಲ್ದಾರರಾಗಿದ್ದು, ಮಂಜಿನ ನಾಡಿನಲ್ಲಿ ಸೇತುವೆ ಕಟ್ಟಿ, ಇನ್ನೂ ನಲವತ್ತು ತುಂಬುವ ಮೊದಲೇ ನಿವೃತ್ತರಾಗಿ ಊರಿಗೆ ಮರಳಿದ ಇವರು, ತೋಟದ ಕೆಲಸದ ಜೊತೆಗೆ ಮನೆ ಕಟ್ಟಿಸುವವರ ಪರವಾಗಿ ಮೇಲುಸ್ತುವಾರಿ ವಹಿಸಿಕೊಂಡರು. ಸೈನಿಕನಿಗೆ ವಿಶ್ರಾಂತಿವೇತನ ಬರುವ ವಯಸ್ಸು ಇತರರಿಗೆ ಜೀವನದ ನಡುಹಗಲಿನ ವಯಸ್ಸಷ್ಟೆ. ಆಮೇಲಿನ ಇಪ್ಪತ್ತು ಮೂವತ್ತು ವರ್ಷಗಳನ್ನು ಬ್ಯಾಂಕಿನ ಬಾಗಿಲಿನಲ್ಲಿ ಬಂದೂಕು ಹಿಡಿದು ನಿಂತೇ ಕಳೆಯಬೇಕೆಂದು ನಾವು ಭಾವಿಸಿಕೊಂಡಿರುವುದು ನಮ್ಮ ಸಮಾಜದ ದೊಡ್ಡ ನಷ್ಟವೆಂದೇ ನಾನು ಎಣಿಸುತ್ತೇನೆ.

ಮೊದಲ ವಾರದಲ್ಲೇ ತೊಡಕು ಬಂತು. ಬೆಳಿಗ್ಗೆ ಏಳಕ್ಕೆ ಬರಬೇಕೆಂದು ಇವರು ಹೇಳಿದ್ದರು. ಗಾರೆಯವರು ಬಂದದ್ದು ಒಂಬತ್ತೂವರೆಗೆ. ಇವರ ದನಿ ಏರಿತು. ಹಿರಿಯ ಮೇಸ್ತ್ರಿ ಕರಣೆಯನ್ನು ಕೆಳಗಿಟ್ಟು, “ಅಣ್ಣ, ನಾವು ಕೂಲಿಗೆ ಬಂದೋರು, ನಿಮ್ಮ ದಂಡಿನೋರಲ್ಲ. ಹಿಂಗೇ ಕೂಗಾಡಿದ್ರೆ ನಾಳೆ ತಿಪಟೂರಿಗೆ ಕೆಲಸಕ್ಕೆ ಹೋಯ್ತೀವಿ” ಎಂದರು. ಆ ರಾತ್ರಿ ತಮಗೆ ನಿದ್ದೆ ಬರಲಿಲ್ಲವೆಂದು ಇವರು ನನ್ನೊಡನೆ ಹೇಳಿಕೊಂಡರು. ಸೇನೆಯಲ್ಲಿ ಆಜ್ಞೆಯ ಹಿಂದೆ ಶಾಸನವಿದೆ, ಶಿಕ್ಷೆಯಿದೆ, ಒಂದೇ ತಟ್ಟೆಯಲ್ಲಿ ಉಂಡ ಸ್ನೇಹವೂ ಇದೆ. ಕಟ್ಟಡದ ಅಂಗಳದಲ್ಲಿ ಗಾರೆಯವರು, ಕಂಬಿ ಕಟ್ಟುವವರು, ಸೆಂಟ್ರಿಂಗ್‌ನವರು, ಮರಗೆಲಸದವರು ಒಬ್ಬೊಬ್ಬರೂ ಬೇರೆ ಬೇರೆ ಮನೆಯ ದಾರಿ ಹಿಡಿದು ಬಂದವರು, ಬೇಡವೆನಿಸಿದರೆ ಅದೇ ದಾರಿಯಲ್ಲಿ ಹಿಂದಿರುಗಬಲ್ಲವರು.

ಸೈನಿಕನು ತರುವ ನಿಜವಾದ ಸಂಪತ್ತು ಆಜ್ಞೆಯಲ್ಲ, ಪೂರ್ವಸಿದ್ಧತೆ. ಇದನ್ನು ನಾನು ಮೌಲ್ಡ್ ಹಾಕುವ ದಿನ ಕಣ್ಣಾರೆ ಕಂಡೆ. ಹಿಂದಿನ ಸಂಜೆಯೇ ಇವರು ಸಿಮೆಂಟಿನ ಮೂಟೆಗಳನ್ನು ಎರಡು ಬಾರಿ ಎಣಿಸಿ, ಜಲ್ಲಿ ಮರಳಿನ ರಾಶಿಗಳನ್ನು ಅಳೆದು, ಸೆಂಟ್ರಿಂಗ್‌ನ ಕೆಳಗೆ ನುಸುಳಿ ಪ್ರತಿಯೊಂದು ಊರೆಗಂಬವನ್ನೂ ಕೈಯಿಂದ ಅಲುಗಿಸಿ ನೋಡಿ, ಎರಡು ಕಂಬಗಳ ಅಡಿಗೆ ಹಲಗೆಯ ತುಂಡು ಕೊಡಿಸಿದರು. ಮಿಕ್ಸರ್ ಕೆಟ್ಟರೆ ಬದಲಿಗೆ ಯಾರದು, ಮೋಡ ಕವಿದರೆ ಟಾರ್ಪಾಲು ಎಲ್ಲಿ, ಕರೆಂಟು ಹೋದರೆ ನೀರು ಯಾವ ತೋಟದ ತೊಟ್ಟಿಯಿಂದ, ಇವೆಲ್ಲ ಒಂದು ಸಣ್ಣ ನೋಟುಪುಸ್ತಕದಲ್ಲಿ ಬರೆದಿದ್ದವು. ಮಧ್ಯಾಹ್ನ ಮಳೆ ಬಂದೇ ಬಂತು. ಟಾರ್ಪಾಲು ಏಣಿಯ ಬುಡದಲ್ಲಿಯೇ ಮಡಿಸಿಟ್ಟಿತ್ತು.

ಕಟ್ಟಡವಿದ್ಯೆಗೂ ದಂಡಿಗೂ ಇರುವ ಸಂಬಂಧ ನಮ್ಮ ನಾಡಿಗೆ ಹೊಸತಲ್ಲ. 1846ರಲ್ಲಿ ಮದ್ರಾಸ್ ಎಂಜಿನಿಯರ್ಸ್ ಪಡೆಯನ್ನು ಸೇರಿ, 1857ರ ಯುದ್ಧವನ್ನು ಕಂಡು, 1864ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾದ ರಿಚರ್ಡ್ ಸ್ಯಾಂಕಿ ಬೆಂಗಳೂರಿನ ಅಠಾರಾ ಕಚೇರಿಯನ್ನು ಕಟ್ಟಿಸಿದ್ದನ್ನೂ 1870ರಲ್ಲಿ ಕಬ್ಬನ್ ಪಾರ್ಕನ್ನು ರೂಪಿಸಿದ್ದನ್ನೂ ಎಲ್ಲರೂ ಬಲ್ಲರು. ನನಗೆ ಅದಕ್ಕಿಂತ ಹಿರಿದಾಗಿ ಕಾಣುವುದು ಆತನ ಕಾಲದ ಕೆರೆಗಳ ಸಮೀಕ್ಷೆ. ಒಂದು ಕೆರೆಯ ಕೋಡಿಯ ನೀರು ಕೆಳಗಿನ ಕೆರೆಗೆ ಹೋಗುತ್ತದೆ, ಆದಕಾರಣ ಕೆರೆಗಳನ್ನು ಒಂಟಿಯಾಗಿ ಅಲ್ಲದೆ ಕಣಿವೆಯ ಸಾಲಾಗಿ ಎಣಿಸಿ ದುರಸ್ತಿ ಮಾಡಬೇಕೆಂಬ ಆ ದೃಷ್ಟಿ ಭೂಮಿಯನ್ನು ಒಟ್ಟಾಗಿ ನೋಡಬಲ್ಲವರದು. ಮೇಲಿನ ಏರಿ ಒಡೆದರೆ ಕೆಳಗಿನದಕ್ಕೆ ಉಳಿಗಾಲವಿಲ್ಲವೆಂಬುದನ್ನು ಕೆರೆಯ ಹೆಸರನ್ನೇ ಹೊತ್ತ ನಮ್ಮ ಊರಿನವರಿಗೆ ವಿವರಿಸಬೇಕಾಗಿಲ್ಲ. ಇಂದು ಎಂಜಿನಿಯರುಗಳು ಬಳಸುವ ಪರ್ಟ್ ಎಂಬ ಕಾರ್ಯಜಾಲದ ಪದ್ಧತಿ ಹುಟ್ಟಿದ್ದೂ 1958ರಲ್ಲಿ, ಅಮೆರಿಕದ ನೌಕಾಪಡೆಯ ಪೊಲಾರಿಸ್ ಕ್ಷಿಪಣಿಯ ನಿರ್ಮಾಣಕ್ಕಾಗಿ. ನಮ್ಮ ರಕ್ಷಣಾ ಸಚಿವಾಲಯದ ಪುನರ್ವಸತಿ ಮಹಾನಿರ್ದೇಶನಾಲಯವು ನಿವೃತ್ತಿಯ ಅಂಚಿನಲ್ಲಿರುವವರಿಗೆ ತರಬೇತಿಗಳನ್ನು ಏರ್ಪಡಿಸುತ್ತದೆ. ಅಧಿಕಾರಿಗಳಿಗೆ 24 ವಾರಗಳ ಮ್ಯಾನೇಜ್‌ಮೆಂಟ್ ಕೋರ್ಸ್ ಕೂಡ ಉಂಟು. ಹಳ್ಳಿಯಿಂದ ಹೋದ ಸಿಪಾಯಿಗೂ ಹವಾಲ್ದಾರನಿಗೂ ಕಟ್ಟಡದ ಅಳತೆ, ಅಂದಾಜುಪಟ್ಟಿ, ಲೆಕ್ಕದ ಬರವಣಿಗೆಗಳನ್ನು ಕನ್ನಡದಲ್ಲಿ, ತಾಲ್ಲೂಕಿನಲ್ಲಿಯೇ ಕಲಿಸಬೇಕೆಂಬುದು ನನ್ನ ಆಸೆ.

ನಮ್ಮ ಹವಾಲ್ದಾರರು ಮೇಲುಸ್ತುವಾರಿ ನೋಡುತ್ತಿದ್ದ ಆ ಮನೆಯ ಯಜಮಾನರು ಕೊಬ್ಬರಿಗೆ ಅಟ್ಟ ಬೇಕೆಂದು ಪಟ್ಟು ಹಿಡಿದಿದ್ದರು. ಕಾಯನ್ನು ಅಟ್ಟಕ್ಕೇರಿಸಿ, ಒಳಗಿನ ನೀರು ತಾನಾಗಿ ಇಂಗಿ ಉಂಡೆ ಕೊಬ್ಬರಿ ಗಳಗಳ ಸದ್ದು ಮಾಡುವವರೆಗೆ ವರ್ಷದ ಹತ್ತಿರ ಕಾಯುವ ಜನ ನಾವು. ಹಾಗಿದ್ದೂ ಮೌಲ್ಡ್ ಹಾಕಿದ ಮೂರನೆಯ ದಿನವೇ ಸೆಂಟ್ರಿಂಗ್ ಬಿಚ್ಚಿಸಲು ಯಜಮಾನರು ಅವಸರಪಟ್ಟರು. ಕಾಂಕ್ರೀಟಿನ ಬಲವನ್ನು 28 ದಿನಕ್ಕೆ ಅಳೆಯುತ್ತಾರೆ ಸ್ವಾಮಿ, ಎಳೆಗಾಯಿಯನ್ನು ಅಟ್ಟಕ್ಕೆ ಹಾಕುತ್ತೀರಾ ಎಂದು ನಮ್ಮ ಹವಾಲ್ದಾರರು ಕೇಳಿದ ಮೇಲೆ ಅವರು ಸುಮ್ಮನಾದರು. ತಾರಸಿಯ ಮೇಲೆ ಮಣ್ಣಿನ ಸಣ್ಣ ಕಟ್ಟೆಗಳನ್ನು ಕಟ್ಟಿ ನೀರು ನಿಲ್ಲಿಸಿದ್ದರು; ಬೆಳಿಗ್ಗೆ ಸಂಜೆ ಇವರು ಮೇಲೆ ಹತ್ತಿ ನೀರಿನ ಮಟ್ಟ ನೋಡುತ್ತಿದ್ದರು. ಐದನೆಯ ದಿನ ಬೆಳಿಗ್ಗೆ ಏಳಕ್ಕೆ ಮೊದಲೇ ನಾನು ಇವರೊಡನೆ ಹತ್ತಿದಾಗ, ಹಿರಿಯ ಮೇಸ್ತ್ರಿ ಯಾರೂ ಕರೆಯದೆ ಬಂದು, ಒಡೆದ ಕಟ್ಟೆಯೊಂದಕ್ಕೆ ಬೊಗಸೆಯಿಂದ ಮಣ್ಣು ಮೆತ್ತುತ್ತಿದ್ದರು.