ಬಾತು ಉಳಿಯಿತು, ಕೋಳಿ ಸತ್ತಿತು: ಯಾಕೆ?

2019ರ ಬೇಸಿಗೆ. ನಮ್ಮ ಮನೆಯಲ್ಲಿ ಹದಿನಾಲ್ಕು ನಾಟಿ ಕೋಳಿಗಳಿದ್ದವು. ಒಂದು ದಿನ ಬೆಳಿಗ್ಗೆ ಎರಡು ಕೋಳಿ ರೆಕ್ಕೆ ಇಳಿಬಿಟ್ಟು ತೂಕಡಿಸುತ್ತಿದ್ದವು. ಸಂಜೆಗೆ ಹಸಿರು ಬೇಧಿ, ಮಾರನೇ ದಿನ ಕತ್ತು ತಿರುಚಲು ಶುರು. ಕೊಕ್ಕರೆ ರೋಗ ಅಂತೀವಲ್ಲ, ಅದೇ. ಪುಸ್ತಕದಲ್ಲಿ ಇದಕ್ಕೆ ರಾಣಿಖೇತ್ ರೋಗ ಎಂದು ಹೆಸರು. ಪೇಟೆಗೆ ಓಡಿ ಆಂಟಿಬಯೋಟಿಕ್ ಪುಡಿ ತಂದು ನೀರಿಗೆ ಹಾಕಿದೆ. ವಾರದೊಳಗೆ ಹನ್ನೊಂದು ಕೋಳಿ ಹೋದವು. ಮನೆಯವರ ಸಂತೆ ಖರ್ಚು ಮೊಟ್ಟೆಯಿಂದಲೇ ಸಾಗುತ್ತಿತ್ತು, ಅದೂ ನಿಂತಿತು.

ಅದೇ ವಾರ ಕೆರೆ ಕೆಳಗಿನ ಕೊಯ್ದ ಗದ್ದೆಯಲ್ಲಿ ಬಾತುಕೋಳಿ ಹಿಂಡೊಂದು ಬೀಡು ಬಿಟ್ಟಿತ್ತು. ಅದರಲ್ಲಿ ಒಂದೂ ಸಾಯಲಿಲ್ಲ. ಯಾಕೆ ಹೀಗೆ ಎಂದು ಪಶುವೈದ್ಯರನ್ನು ಕೇಳಿದೆ. ಅವರು ಹೇಳಿದ್ದು, ಆಮೇಲೆ ನಾನು ಓದಿ ತಿಳಿದದ್ದು ಎರಡನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ವೈರಸ್ಸಿಗೆ ಸ್ವಂತ ಮನೆ ಇಲ್ಲ. ಕೋಳಿಯ ಮೈ ಕೋಟ್ಯಂತರ ಜೀವಕೋಶಗಳಿಂದ ಆದದ್ದು. ವೈರಸ್ಸು ಇಂಥ ಒಂದು ಜೀವಕೋಶದೊಳಗೆ ನುಗ್ಗಿ, ತನ್ನ ಆರ್‌ಎನ್‌ಎ ಎಂಬ ಎಳೆಯನ್ನು ಬಿಡುತ್ತದೆ. ‘ನನ್ನಂಥವನ್ನೇ ಇನ್ನಷ್ಟು ಮಾಡು’ ಎಂಬ ಅಪ್ಪಣೆ ಆ ಎಳೆಯಲ್ಲಿರುತ್ತದೆ. ಜೀವಕೋಶದಲ್ಲಿ ಅದರದೇ ಆರ್‌ಎನ್‌ಎ ಕೂಡ ಬೇಕಾದಷ್ಟಿರುತ್ತದೆ. ಹಾಗಾದರೆ ತನ್ನದು ಯಾವುದು, ಕಳ್ಳನದು ಯಾವುದು ಎಂದು ತಿಳಿಯುವುದು ಹೇಗೆ?

ಕುರಿ ಸಾಕುವವರಿಗೆ ಇದು ಗೊತ್ತಿರುವ ಸಂಗತಿಯೇ. ನಮ್ಮ ಕುರಿಗಳ ಕಿವಿಗೆ ಗುರುತು ಕತ್ತರಿಸಿರುತ್ತೇವೆ. ಗುರುತಿಲ್ಲದ ಕುರಿ ಹಟ್ಟಿಗೆ ಬಂದರೆ ಅದು ಯಾರದು ಎಂದು ಗೊತ್ತಿಲ್ಲದಿದ್ದರೂ ನಮ್ಮದಲ್ಲ ಎಂದು ತಕ್ಷಣ ತಿಳಿಯುತ್ತದೆ. ಜೀವಕೋಶವೂ ತಾನು ಕಳಿಸುವ ಆರ್‌ಎನ್‌ಎ ಎಳೆಯ ತುದಿಗೆ ಒಂದು ಟೊಪ್ಪಿಗೆಯಂಥ ಗುರುತು ಹಾಕುತ್ತದೆ. ಹಲವು ವೈರಸ್ಸುಗಳ ಎಳೆಗೆ ಈ ಟೊಪ್ಪಿಗೆ ಇರುವುದಿಲ್ಲ, ತುದಿಯಲ್ಲಿ ಮೂರು ಫಾಸ್ಫೇಟ್ ಬರಿದಾಗಿ ಕಾಣುತ್ತವೆ. ಇನ್ನೊಂದು ಸುಳಿವೂ ಉಂಟು. ವೈರಸ್ಸು ನಕಲು ಮಾಡುವಾಗ ಎರಡು ಎಳೆ ಹೊಸೆದ ಹಗ್ಗದ ಹಾಗೆ ಜೋಡಿಯಾಗುತ್ತವೆ. ಇಂಥ ಉದ್ದನೆಯ ಜೋಡಿ ಎಳೆ ಜೀವಕೋಶದ ಮಾಮೂಲಿ ಕೆಲಸದಲ್ಲಿ ಇರುವುದಿಲ್ಲ.

ಈ ಸುಳಿವು ಹಿಡಿಯಲು ಜೀವಕೋಶದೊಳಗೆ ಕಾವಲುಗಾರರಿದ್ದಾರೆ. ಬರಿ ತುದಿಯನ್ನು ಹಿಡಿಯುವ ಕಾವಲುಗಾರನ ಹೆಸರು ರಿಗ್-ಐ. ಇದರ ಕೆಲಸವನ್ನು 2004ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿಕೊಟ್ಟರು. ಉದ್ದನೆಯ ಜೋಡಿ ಎಳೆ ಹಿಡಿಯುವವನು ಎಂಡಿಎ-5. ಇವಕ್ಕೆ ಯಾವ ವೈರಸ್ಸು ಎಂದು ಗೊತ್ತಿರಬೇಕಿಲ್ಲ, ಹಿಂದೆ ನೋಡಿರಲೂ ಬೇಕಿಲ್ಲ.

ಸುಳಿವು ಸಿಕ್ಕ ಕೂಡಲೇ ಜೀವಕೋಶ ಇಂಟರ್‌ಫೆರಾನ್ ಎಂಬ ವಸ್ತುವನ್ನು ಹೊರಬಿಡುತ್ತದೆ. ತೋಳ ಬಂತೆಂದು ಒಂದು ಹಟ್ಟಿಯ ನಾಯಿ ಬೊಗಳಿದರೆ ಪಕ್ಕದ ಹಟ್ಟಿಯವರೂ ಬಾಗಿಲು ಭದ್ರ ಮಾಡಿಕೊಳ್ಳುತ್ತಾರಲ್ಲ, ಹಾಗೆ ಅಕ್ಕಪಕ್ಕದ ಜೀವಕೋಶಗಳು ಎಚ್ಚರವಾಗುತ್ತವೆ. 1957ರಲ್ಲಿ ಲಂಡನ್ನಿನಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಎಂಬಿಬ್ಬರು ಇದನ್ನು ಕಂಡುಹಿಡಿದದ್ದು ಕೋಳಿಮೊಟ್ಟೆಯೊಳಗಿನ ಪೊರೆಯಲ್ಲೇ ನೋಡಿ!

ಈಗ ಬಾತಿನ ವಿಷಯಕ್ಕೆ ಬರೋಣ. ಬಾತಿನಲ್ಲಿ ರಿಗ್-ಐ ಇದೆ, ಕೋಳಿಯಲ್ಲಿ ಇಲ್ಲ. ಇದನ್ನು 2010ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾನಿಲಯದವರು ಮತ್ತು ಅವರ ಜೊತೆಗಾರರು ತೋರಿಸಿದರು. ಬಾತಿನ ರಿಗ್-ಐಯನ್ನು ಕೋಳಿಯ ಜೀವಕೋಶಕ್ಕೆ ಸೇರಿಸಿದಾಗ ಹಕ್ಕಿಜ್ವರದ ವೈರಸ್ಸು ಅಲ್ಲಿ ಬೆಳೆಯುವುದು ಕಡಿಮೆಯಾಯಿತು. ಕೋಳಿಯಲ್ಲಿ ಎಂಡಿಎ-5 ಮತ್ತು ಬೇರೆ ಕಾವಲುಗಾರರು ಇದ್ದಾರೆ, ಆದರೆ ಒಬ್ಬ ಒಳ್ಳೆಯ ಕಾವಲುಗಾರ ಕಡಿಮೆ. ರಾಣಿಖೇತ್ ಕೂಡ ಆರ್‌ಎನ್‌ಎ ವೈರಸ್ಸೇ. ಸಾಲದ್ದಕ್ಕೆ ಇಂಟರ್‌ಫೆರಾನ್ ಕೆಲಸಕ್ಕೆ ಅಡ್ಡಗಾಲು ಹಾಕಲು ‘ವಿ’ ಎಂಬ ಪ್ರೋಟೀನನ್ನೂ ಅದು ತಯಾರಿಸುತ್ತದೆ.

ಇದರಿಂದ ನಾವು ತಿಳಿಯಬೇಕಾದ್ದು ಏನಪ್ಪಾ ಅಂದ್ರೆ:

ಒಂದು, ಆಂಟಿಬಯೋಟಿಕ್ ಬ್ಯಾಕ್ಟೀರಿಯಾಕ್ಕೆ ಮಾತ್ರ. ಜೀವಕೋಶದೊಳಗೆ ಕೂತ ವೈರಸ್ಸಿಗೆ ಅದರಿಂದ ಏನೂ ಆಗದು. ನಾನು ಕೊಟ್ಟ ದುಡ್ಡು ದಂಡವಾಯಿತು.

ಎರಡು, ಕಾವಲುಗಾರ ಸೋತ ಮೇಲೆ ವೈರಸ್ಸಿಗೆ ತಕ್ಕ ಪ್ರತಿಕಾಯ ತಯಾರಾಗಲು ವಾರದ ಮೇಲೆ ಬೇಕು. ಜೋರಾದ ರಾಣಿಖೇತ್ ಅಷ್ಟು ದಿನ ಬಿಡುವುದಿಲ್ಲ. ಅದಕ್ಕೇ ರೋಗ ಬರುವ ಮೊದಲೇ ಲಸಿಕೆ ಹಾಕಿಸಬೇಕು. ಮರಿಗೆ 5ರಿಂದ 7ನೇ ದಿನದಲ್ಲಿ ಲಸೋಟಾ, ಕಣ್ಣಿಗೋ ಮೂಗಿಗೋ ಒಂದು ಹನಿ. 6ರಿಂದ 8 ವಾರಕ್ಕೆ ಆರ್-2-ಬಿ ಚುಚ್ಚುಮದ್ದು. ಲಸಿಕೆಯನ್ನು ಐಸ್ ಹಾಕಿದ ಡಬ್ಬಿಯಲ್ಲೇ ತರಬೇಕು. ಬಿಸಿಲಿಗೆ ಕಾದರೆ ಹಾಕಿಸಿಯೂ ಹಾಕಿಸದಂತೆ.

ಮೂರು, ಬಾತು ಸಾಯುವುದಿಲ್ಲ ಎಂದರೆ ಅದರಲ್ಲಿ ವೈರಸ್ಸು ಇಲ್ಲ ಎಂದಲ್ಲ. ಚೆನ್ನಾಗಿಯೇ ಓಡಾಡುತ್ತ ಹಿಕ್ಕೆಯಲ್ಲಿ ವೈರಸ್ಸು ಉದುರಿಸಬಹುದು. ಬಾತು ಮತ್ತು ಕೋಳಿಯ ನೀರು, ಗೂಡು ಬೇರೆ ಬೇರೆ ಇರಲಿ. ಸಂತೆಯಿಂದ ತಂದ ಕೋಳಿಯನ್ನೂ ಎರಡು ವಾರ ಬೇರೆ ಇಡಿ. ಸತ್ತದ್ದನ್ನು ಹಳ್ಳಕ್ಕೆ ಎಸೆಯದೆ ಸುಣ್ಣ ಹಾಕಿ ಆಳಕ್ಕೆ ಹೂಳಿ.

ಆ ವರ್ಷ ಉಳಿದದ್ದು ಮೂರು ಕೋಳಿ. ಅವುಗಳಿಂದಲೇ ಮತ್ತೆ ಮರಿ ಮಾಡಿಸಿದೆವು. ಈಗ ಕಾವು ಕೂರಿಸಿದ ದಿನ, ಮರಿಯಾದ ದಿನ, ಲಸಿಕೆಯ ದಿನ ಮೂರನ್ನೂ ಮನೆಯವರು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾರೆ. ಲಸಿಕೆ ತರಲು ಪೇಟೆಗೆ ಹೋಗುವ ಕೆಲಸ ನನ್ನದು.