ತೂಕ ಮೀರಿದ ಲಾರಿ, ನಮ್ಮ ಮೂಟೆಯ ಬಾಡಿಗೆ

ನಮ್ಮ ತಿಪ್ಪಸಂದ್ರದ ಕಡೆ ಮಳೆ ನಂಬಿದ ಬೇಸಾಯ. ರಾಗಿ, ಅವರೆ, ಹುರುಳಿ. ಮಾರಲು ಮಾಗಡಿಗೋ ಬೆಂಗಳೂರಿಗೋ ಹೋಗಲೇಬೇಕು. ಹಸಿ ಅವರೆಕಾಯಿಯಂತೂ ಬೆಳಗಿನ ಜಾವ ಮಾರ್ಕೆಟ್ಟಿನಲ್ಲಿರಬೇಕು. ಹೊತ್ತೇರಿದರೆ ಕಾಯಿ ಬಾಡುತ್ತೆ, ರೇಟು ಬೀಳುತ್ತೆ. ರಸ್ತೆ ಗುಂಡಿಯಾದರೆ ಲಗೇಜು ಆಟೊದವರು ಬಾಡಿಗೆ ಏರಿಸ್ತಾರೆ. ಅವರನ್ನು ಬೈದು ಫಲವಿಲ್ಲ. ಸ್ಪ್ರಿಂಗ್ ಪ್ಲೇಟು ಮುರಿದರೆ ಖರ್ಚು ಅವರದೇ.

ಗುಂಡಿ ಬೀಳೋದು ಮಳೆಯಿಂದ ಅಂತೀವಿ. ಅದು ಅರ್ಧ ಮಾತ್ರ ನಿಜ. ಟಾರು ಬಿರುಕು ಬಿಟ್ಟ ಮೇಲೆ ತಾನೆ ನೀರು ಒಳಗಿಳಿಯೋದು? ಬಿರುಕು ಬಿಡಿಸುವುದರಲ್ಲಿ ದೊಡ್ಡ ಪಾಲು ಮಿತಿ ಮೀರಿ ಜಲ್ಲಿ, ಕಲ್ಲು, ಎಂ ಸ್ಯಾಂಡ್ ತುಂಬಿದ ಲಾರಿ, ಟಿಪ್ಪರುಗಳದು.

ರಸ್ತೆಗೆ ಗಾಡಿಯ ಒಟ್ಟು ತೂಕಕ್ಕಿಂತ ಒಂದೊಂದು ಅಚ್ಚಿನ ಮೇಲಿನ ಭಾರ ಮುಖ್ಯ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ರಸ್ತೆ ಮಾಡಿ, ಲಾರಿ ಓಡಿಸಿ ಪರೀಕ್ಷೆ ಮಾಡಿದರು. ಅದರಿಂದ ಬಂದ ಲೆಕ್ಕವನ್ನೇ ಇಂಜಿನಿಯರುಗಳು ಇಂದಿಗೂ ಹೇಳ್ತಾರೆ. ಅಚ್ಚಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಪೆಟ್ಟು ಸುಮಾರು 16 ಪಟ್ಟು. ಒಂದೂವರೆ ಪಟ್ಟಾದರೆ 5 ಪಟ್ಟು. ಹೀಗೆ ನೋಡಿದರೆ 10 ಟನ್ ಹೊತ್ತ ಅಚ್ಚು ಒಂದು ಸಲ ಹೋದರೆ, 1 ಟನ್ ಹೊತ್ತ ಆಟೊ ಅಚ್ಚು 10,000 ಸಲ ಓಡಾಡಿದ ಹಾಗೆ!

ಹೆಚ್ಚು ತುಂಬೋದು ಯಾಕೆ? ಡ್ರೈವರ್ ಒಬ್ಬನೇ, ಟ್ರಿಪ್ಪೂ ಒಂದೇ, ಡೀಸೆಲ್ ಸ್ವಲ್ಪ ಜಾಸ್ತಿ ಅಷ್ಟೆ. ಟನ್ನಿಗೆ ಬಾಡಿಗೆ ಕಡಿಮೆ ಬೀಳುತ್ತೆ. ನಿಯಮದಂತೆ ತುಂಬುವವನಿಗೆ ಆ ರೇಟಿಗೆ ಪೂರೈಸೋದಿಲ್ಲ. ಅವನೂ ಹೆಚ್ಚು ತುಂಬಬೇಕು, ಇಲ್ಲ ಲಾರಿ ಮಾರಬೇಕು. ಪರ್ಮಿಟ್ಟಿನಲ್ಲಿ ಕಡಿಮೆ ಬರೆಸಿ ಹೆಚ್ಚು ಸಾಗಿಸಿದರೆ ಸರ್ಕಾರದ ರಾಜಧನಕ್ಕೂ ಖೋತಾ. ಬಳ್ಳಾರಿ ಅದಿರಿನಲ್ಲಿ ಇದನ್ನೆಲ್ಲ ಕಂಡಿದ್ದೇವೆ. ಅಕ್ರಮ ಗಣಿಗಾರಿಕೆಯಿಂದ 2006ರಿಂದ 2010ರವರೆಗೆ ಬೊಕ್ಕಸಕ್ಕೆ 16,085 ಕೋಟಿ ರೂಪಾಯಿ ನಷ್ಟ ಎಂದು ಲೋಕಾಯುಕ್ತ ಸಂತೋಷ್ ಹೆಗ್ಡೆಯವರು 2011ರ ಜುಲೈನಲ್ಲಿ ವರದಿ ಕೊಟ್ಟರು. ಮಿತಿ ಮೀರಿ ತುಂಬಿದ ಲಾರಿಗಳ ವಿಚಾರವೂ ಅವರ ತನಿಖೆಯಲ್ಲಿತ್ತು.

ಕಾನೂನು ಇಲ್ಲದೆ ಇಲ್ಲ. 2018ರಲ್ಲಿ ಮಿತಿಯನ್ನೇ ಏರಿಸಿದರು. ಆರು ಚಕ್ರದ ಲಾರಿಗೆ ಗಾಡಿಯ ತೂಕವೂ ಸೇರಿ 16.2 ಟನ್ ಇದ್ದದ್ದು 18.5 ಟನ್ ಆಯಿತು. ಅದನ್ನೂ ಮೀರಿದರೆ 2019ರ ಸೆಪ್ಟೆಂಬರ್‌ನಿಂದ ಜಾರಿಯಾದ ತಿದ್ದುಪಡಿಯಂತೆ 20,000 ರೂಪಾಯಿ ದಂಡ, ಹೆಚ್ಚುವರಿ ಟನ್ನಿಗೆ 2,000. ದಂಡ ಕಟ್ಟಿದ ಮಾತ್ರಕ್ಕೆ ಗಾಡಿ ಬಿಡುವಂತಿಲ್ಲ, ಹೆಚ್ಚಿನ ಮಾಲು ಅಲ್ಲೇ ಇಳಿಸಬೇಕು. ಇದು ಬಹಳ ಜನಕ್ಕೆ ಗೊತ್ತಿಲ್ಲ.

ನಾವೇನು ಮಾಡಬಹುದು? ಬರೀ 'ರಸ್ತೆ ಹಾಳಾಗಿದೆ' ಅಂತ ಅರ್ಜಿ ಕೊಟ್ಟರೆ ಅದು ಕಡತ ಸೇರುತ್ತೆ. ಗಾಡಿ ನಂಬರು, ತಾರೀಕು, ಹೊತ್ತು ಬರೆದು ಆರ್‌ಟಿಓ ಕಚೇರಿಗೂ ಪಂಚಾಯ್ತಿಗೂ ಕೊಡಿ, ಸ್ವೀಕೃತಿ ತಗೊಳ್ಳಿ. ಗ್ರಾಮ ಸಡಕ್ ಯೋಜನೆಯ ರಸ್ತೆಯಾದರೆ ಪಕ್ಕದ ಬೋರ್ಡು ಓದಿ. ಕೆಲಸ ಮುಗಿದ ಮೇಲೆ 5 ವರ್ಷ ರಿಪೇರಿ ಗುತ್ತಿಗೆದಾರರದೇ ಜವಾಬ್ದಾರಿ. ಇನ್ನೊಂದು ನಮ್ಮ ಕೈಲೇ ಇದೆ. ಹೊಲದ ಮಗ್ಗುಲಿನ ರಸ್ತೆ ಚರಂಡಿ ಮುಚ್ಚಬೇಡಿ. ನೀರು ನಿಂತ ರಸ್ತೆ ಹಗುರ ಗಾಡಿಗೂ ಕುಸಿಯುತ್ತೆ.